ಹಾಡು ಹಾಕದ ರಾಕ್ ರೇಡಿಯೋ

ಕೆ.ಜಿ.ಎಫ್. ಎಂದ ಕೂಡಲೆ ನಿಮಗೆ ಯಾರು ನೆನಪಾಗುತ್ತಾರೆ? ಕೇಳುವುದೇ ಬೇಡ, ಯಶ್! 2018ರ ಡಿಸೆಂಬರಿನಲ್ಲಿ ಮೊದಲ ಭಾಗ ಬಂತು, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಅಂದಿನಿಂದ ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ‘ನಮ್ದು ಕೆ.ಜಿ.ಎಫ್. ಕಡೆ’ ಅಂದರೆ ಸಾಕು, ರವಿ ಬಸ್ರೂರರ ಹಿನ್ನೆಲೆ ಸಂಗೀತವನ್ನು ಬಾಯಲ್ಲೇ ಬಾರಿಸಿ ತೋರಿಸುತ್ತಾರೆ. ಸಂತೋಷ. ಅಭಿಮಾನ ಅಂದರೆ ಹಾಗೇ ಇರಬೇಕು. ಆದರೆ ನಮ್ಮ ಕಡೆ ಅದಕ್ಕೂ ಹಳೆಯದಾದ ಇನ್ನೊಂದು ಸದ್ದಿದೆ. ಅದು ರಾಕ್ ಸಂಗೀತದ ಸದ್ದು. ಗಿಟಾರು, ಡ್ರಮ್ಮು, ಎದೆ ನಡುಗಿಸುವ ಬೇಸು. ಅದನ್ನು ಹೇಳೋಣ ಅಂತಲೇ ಈ ಬರಹ.

ನನ್ನೂರು ಕ್ಯಾಸಂಬಳ್ಳಿ. ಆಂಧ್ರದ ಗಡಿ ಹತ್ತಿರ, ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ರಾಬರ್ಟ್‌ಸನ್‌ಪೇಟೆಗೆ ಹೋದರೆ ತಮಿಳು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನಲ್ಲಿ ‘ಕೆ’ ಅಂದರೆ ನಮ್ಮ ಕ್ಯಾಸಂಬಳ್ಳಿಯೇ. ಇಂಥ ಊರಿನ ಹುಡುಗನಿಗೆ ಇಂಗ್ಲಿಷ್ ರಾಕ್ ಹುಚ್ಚು ಹೇಗೆ ಹಿಡಿಯಿತು ಅಂತ ಸ್ನೇಹಿತರು ಇವತ್ತಿಗೂ ಕೇಳುತ್ತಾರೆ. ಉತ್ತರ ಸುಲಭ. ರೈಲು!

ನಮ್ಮಪ್ಪ ಗಾರೆ ಕೆಲಸಕ್ಕೆ ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತಿದ್ದರು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ನಮ್ಮ ಸೀಮೆಯ ಅರ್ಧ ಜನರ ಬದುಕು ಆ ರೈಲಿನ ಮೇಲೇ ನಿಂತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಒಂದೊಂದು ಸ್ಟೇಷನ್ನಿನಲ್ಲೂ ಟಿಫನ್ ಡಬ್ಬಿ ಹಿಡಿದ ಜನ. ರಜೆಯಲ್ಲಿ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೈಯಲ್ಲಿ ಗುಂಡಿ ಒತ್ತುವ ಹಳೇ ಮೊಬೈಲು. ಅದರ ಇಯರ್‌ಫೋನ್ ವೈರೇ ಎಫ್.ಎಂ.ಗೆ ಏರಿಯಲ್. ಬಂಗಾರಪೇಟೆಯಲ್ಲಿ ಬರೀ ಬುಸ್ ಬುಸ್. ಮಾಲೂರು ದಾಟುತ್ತಿದ್ದ ಹಾಗೆ ಕರಕರ ಅನ್ನುತ್ತಾ ಒಂದೊಂದೇ ಸ್ಟೇಷನ್ ಹತ್ತಿಕೊಳ್ಳುತ್ತಿತ್ತು. ದೇಶದ ಮೊದಲ ಖಾಸಗಿ ಎಫ್.ಎಂ., ರೇಡಿಯೋ ಸಿಟಿ, 2001ರ ಜುಲೈನಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲೇ ತಾನೆ? ಆಮೇಲೆ 2006ರಲ್ಲಿ ಬಂದ ಇಂಡಿಗೋ, ಹಗಲೂ ರಾತ್ರಿ ಇಂಗ್ಲಿಷ್ ಹಾಡು. ಒಂದು ದಿನ ವೈಟ್‌ಫೀಲ್ಡ್ ಹತ್ತಿರ ಡೀಪ್ ಪರ್ಪಲ್ ತಂಡದ ಒಂದು ಗಿಟಾರ್ ತುಣುಕು ಕಿವಿಗೆ ಬಿತ್ತು. ಮುಗೀತು! ವಾಪಸ್ಸು ಬರುವಾಗ ಮಾಲೂರು ಬಂದರೆ ಯಾರೋ ಊಟದ ತಟ್ಟೆ ಎಳೆದುಕೊಂಡ ಹಾಗೆ ಆಗುತ್ತಿತ್ತು.

ನಮ್ಮ ಚಿತ್ರಗಳಲ್ಲಿ ಗಿಟಾರ್ ಇರಲಿಲ್ಲವೇ ಅನ್ನಬೇಡಿ. ಇತ್ತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಇಂಗ್ಲಿಷ್ ಹಾಡನ್ನೇ ಹಾಡಿದ್ದಾರೆ, ಸಂಗೀತ ಜಿ.ಕೆ. ವೆಂಕಟೇಶ್. 1981ರ ‘ಗೀತಾ’ದಲ್ಲಿ ಶಂಕರ್‌ನಾಗ್, ಇಳಯರಾಜ, ಎಸ್ಪಿಬಿ ಮೂವರೂ ಸೇರಿ ಎಬ್ಬಿಸಿದ ಧೂಳು ಇನ್ನೂ ಕೂತಿಲ್ಲ, ಬಂಗಾರಪೇಟೆಯ ಯಾವ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಾದರೂ ಹೋಗಿ ನೋಡಿ. ರಘು ದೀಕ್ಷಿತ್ ಅಂತೂ ಶಿಶುನಾಳ ಷರೀಫರ ತತ್ವಪದವನ್ನೇ ಗಿಟಾರಿಗೆ ಕೂರಿಸಿಬಿಟ್ಟರು. ನನಗೆ ಇವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ. ರಾಕ್ ಅಂದರೆ ಪರದೇಶದ ಗಲಾಟೆ ಅನ್ನುವವರ ಹತ್ತಿರ ನಾನು ವಾದ ಮಾಡುವುದಿಲ್ಲ, ‘ಗೀತಾ’ ಹಾಕಿ ಕೂರಿಸುತ್ತೇನೆ.

ಈಗ ಕಛೇರಿಯ ಕಥೆ. 2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ! ಎರಡು ದಿನ ಮೊದಲು ಗುರುಗಾಂವ್‌ನಲ್ಲಿ ಆಗಬೇಕಿದ್ದ ಷೋ ಕೊನೇ ಗಳಿಗೆಯಲ್ಲಿ ನಿಂತುಹೋಗಿ, ಆ ತಂಡ ಭಾರತದಲ್ಲಿ ಮೊಟ್ಟಮೊದಲು ನುಡಿಸಿದ ಊರು ಎಂಬ ಹೆಸರು ಬೆಂಗಳೂರಿಗೇ ದಕ್ಕಿತು. ನನಗೆ ಹದಿನಾಲ್ಕು ವರ್ಷ. ಟಿಕೆಟ್ಟಿನ ಬೆಲೆ ಅಪ್ಪನ ವಾರದ ಕೂಲಿಯನ್ನು ಮೀರಿಸುತ್ತಿತ್ತು, ಆದ್ದರಿಂದ ಆ ಮಾತೇ ಎತ್ತಲಿಲ್ಲ. ಹೋಗಿ ಕಾಂಪೌಂಡ್ ಗೋಡೆಯ ಹೊರಗೆ ನಿಂತೆ. ನನ್ನ ಹಾಗೆ ನಿಂತವರು ಬೇಕಾದಷ್ಟು ಜನ. ಕಡಲೆಕಾಯಿ ಮಾರುವವರು, ಲಾಠಿ ಹಿಡಿದ ಪೊಲೀಸರು, ಕಪ್ಪು ಟೀ ಷರ್ಟಿನ ಉತ್ತರದ ಹುಡುಗರು.

ಗೋಡೆಯ ಹೊರಗೆ ನಿಂತು ಕೇಳಿದ್ದೀರಾ ಯಾವತ್ತಾದರೂ? ಹಾಡುಗಾರನ ಮಾತು ಕೇಳುವುದಿಲ್ಲ. ಗಿಟಾರಿನ ಕೀಚು ದನಿ ಗಾಳಿ ಬಂದಾಗ ಬರುತ್ತದೆ, ಇಲ್ಲದಾಗ ಇಲ್ಲ. ಬೇಸ್ ಮಾತ್ರ ಬರುತ್ತದೆ ನೋಡಿ! ತಗ್ಗಿನ ಸ್ವರಕ್ಕೆ ಅಲೆ ಉದ್ದ. ಅದು ಗೋಡೆಯನ್ನು ಬಳಸಿಕೊಂಡು ಬರುತ್ತದೆ, ನೆಲದೊಳಗಿಂದ ಕಾಲಿಗೇ ಏರುತ್ತದೆ. ಕಣ್ಣಿಗೆ ಮರದ ತುದಿಯ ಬಣ್ಣಬಣ್ಣದ ಬೆಳಕು ಬಿಟ್ಟರೆ ಏನೂ ಇಲ್ಲ. ನಾನು ಜೀವನದಲ್ಲಿ ಕೇಳಿದ ಅತ್ಯುತ್ತಮ ಕಛೇರಿ ಅದೇ. ಒಳಗೆ ಹೋಗಿ ನೋಡಿದ ಎಷ್ಟೋ ಷೋಗಳು ಆಮೇಲೆ ಆದವು, ಆಗಸ್ಟ್ 15ರ ಫ್ರೀಡಂ ಜಾಮ್‌ನಲ್ಲಿ ಪುಕ್ಕಟೆ ಕುಣಿದದ್ದೂ ಆಯಿತು, ಆದರೂ ಅದೇ. ಕೊನೆಯ ರೈಲು ತಪ್ಪಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮಲಗಿ ಬೆಳಿಗ್ಗೆ ಮನೆಗೆ ಬಂದಾಗ ಅಪ್ಪ ಹೊಡೆದದ್ದು ಬೇರೆ ವಿಷಯ ಬಿಡಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ಥಿಯೇಟರ್ ಬಂದ್, ಶೂಟಿಂಗ್ ಬಂದ್, ಕಛೇರಿ ಬಂದ್. ಚಿತ್ರರಂಗದ ಸುದ್ದಿ ಬರೆದು ಬದುಕುವವನಿಗೆ ಬರೆಯಲು ಸುದ್ದಿಯೇ ಇಲ್ಲ. ಆಗ ಹೊಳೆದದ್ದು ಇಂಟರ್‌ನೆಟ್ ರೇಡಿಯೋ. ಮನೆಯಿಂದ ರೇಡಿಯೋ ನಡೆಸುವುದು ಕರ್ನಾಟಕಕ್ಕೆ ಹೊಸತೇನೂ ಅಲ್ಲ ಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರೊಫೆಸರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದಲೇ. ಅವರಿಗೆ ಟ್ರಾನ್ಸ್‌ಮೀಟರ್ ಬೇಕಿತ್ತು. ನನಗೆ ಹಳೇ ಲ್ಯಾಪ್‌ಟಾಪು, ಒಂದು ಮೈಕು, ಐಸ್‌ಕಾಸ್ಟ್ ಎಂಬ ಪುಕ್ಕಟೆ ಸಾಫ್ಟ್‌ವೇರು ಮತ್ತು ಬಾಡಿಗೆಗೆ ಹಿಡಿದ ಒಂದು ಸರ್ವರ್ ಸಾಕಾಯಿತು.

ಕೆಲಸ ನಡೆಯುವುದು ಹೀಗೆ. ಎಫ್.ಎಂ.ನಲ್ಲಿ ಒಬ್ಬ ಕೇಳಿದರೂ ಲಕ್ಷ ಜನ ಕೇಳಿದರೂ ಪ್ರಸಾರದ ಖರ್ಚು ಒಂದೇ. ನೆಟ್‌ನಲ್ಲಿ ಹಾಗಲ್ಲ, ಮದುವೆ ಮನೆ ಊಟದ ಹಾಗೆ ತಲೆ ಎಣಿಸಿ ಬಡಿಸಬೇಕು. 64 ಕೆ.ಬಿ.ಪಿ.ಎಸ್. ವೇಗದಲ್ಲಿ ಒಬ್ಬ ಕೇಳುಗನಿಗೆ ಗಂಟೆಗೆ ಸುಮಾರು 29 ಎಂ.ಬಿ. ಹೋಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುಂಚೆ ನಮ್ಮೂರಿನಲ್ಲಿ ಇದು ಕನಸಿನ ಮಾತು. ಇನ್ನೊಂದು ತಮಾಷೆ: ನಾನು ಮಾತಾಡಿದ್ದು ಕೇಳುಗನಿಗೆ ಅರ್ಧ ನಿಮಿಷ ತಡವಾಗಿ ತಲುಪುತ್ತದೆ. ನಾನು ಈ ರೂಮಿನಲ್ಲಿ ‘ನಮಸ್ಕಾರ’ ಅಂದು ನೀರು ಕುಡಿದು ಕೂತ ಮೇಲೆ ಅಡುಗೆಮನೆಯಲ್ಲಿ ಅಮ್ಮನ ಫೋನು ‘ನಮಸ್ಕಾರ’ ಅನ್ನುತ್ತಿತ್ತು. ಅಮ್ಮನೂ ಒಂದೊಂದು ಸಲ ತಿರುಗಿ ನಮಸ್ಕಾರ ಹೇಳುತ್ತಿದ್ದಳು.

ದೊಡ್ಡ ಸಮಸ್ಯೆ ಬೇರೆಯೇ. ಹಾಡು! ಶುರು ಮಾಡುವ ಮೊದಲೇ ಬಂಗಾರಪೇಟೆಯ ವಕೀಲರೊಬ್ಬರ ಹತ್ತಿರ ವಿಚಾರಿಸಿದೆ. ಎಫ್.ಎಂ. ಸ್ಟೇಷನ್‌ಗಳಿಗೆ ಕಾಪಿರೈಟ್ ಕಾಯ್ದೆಯ 31-ಡಿ ಕಲಮಿನಲ್ಲಿ ಒಂದು ದಾರಿ ಇದೆ, ನಿಗದಿಯಾದ ದರ ಕಟ್ಟಿ ಹಾಡು ಹಾಕಬಹುದು. ಆದರೆ ಆ ಕಲಮು ಇಂಟರ್‌ನೆಟ್ಟಿಗೆ ಅನ್ವಯಿಸುವುದಿಲ್ಲ ಅಂತ 2019ರಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತ್ತು. 2022ರಲ್ಲಿ ಅಪೀಲಿನಲ್ಲೂ ಅದೇ ನಿಂತಿತು. ಅಂದರೆ ಒಂದೊಂದು ಹಾಡಿಗೂ ಅದರ ಧಣಿಗಳ ಬಾಗಿಲು ತಟ್ಟಿ ಒಪ್ಪಿಗೆ ಪಡೆಯಬೇಕು. ಕ್ಯಾಸಂಬಳ್ಳಿಯ ನಾನು ಲಂಡನ್ನಿನ ಯಾರ ಬಾಗಿಲು ತಟ್ಟಲಿ? ಕಾಯ್ದೆ ದೊಡ್ಡ ಕಂಪನಿಗಳನ್ನು ನೋಡಿ ಮಾಡಿದ್ದು, ಅದರ ಹೊಡೆತ ತಿನ್ನುವವರು ನಮ್ಮಂಥವರು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೀಗಾಗಿ ನನ್ನದು ಡೀಪ್ ಪರ್ಪಲ್ ಹಾಕದ, ಪಿಂಕ್ ಫ್ಲಾಯ್ಡ್ ಹಾಕದ ರಾಕ್ ರೇಡಿಯೋ ಆಯಿತು. ಬೆಂಗಳೂರಿನ ಕೆಲವು ಸಣ್ಣ ತಂಡಗಳ ಹುಡುಗರು ತಮ್ಮ ಸ್ವಂತ ಹಾಡು ಹಾಕಲು ಬರಹದಲ್ಲಿ ಒಪ್ಪಿಗೆ ಕೊಟ್ಟರು. ಉಳಿದ ಹೊತ್ತು? ಮಾತು. ಕೇಳುಗರು ಫೋನ್ ಮಾಡಿ ತಾವು ನೋಡಿದ ಕಛೇರಿಯನ್ನು ಬಾಯಲ್ಲಿ ಹೇಳಬೇಕು. ಇದು ಓಡುತ್ತದೆ ಅಂತ ಯಾರೂ ನಂಬಲಿಲ್ಲ. ಓಡಿತು! 2002ರಲ್ಲಿ ರೋಜರ್ ವಾಟರ್ಸ್ ಬಂದಾಗ ಕಾಲೇಜಿಗೆ ಚಕ್ಕರ್ ಹೊಡೆದವರು, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಷೋನಲ್ಲಿ ಮಳೆಗೆ ತೊಯ್ದು ತೊಪ್ಪೆಯಾದವರು, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ನೋಡಿ ಒಂದು ವಾರ ಕುತ್ತಿಗೆ ತಿರುಗಿಸಲಾಗದವರು. ಮಾಲೂರಿನ ಒಬ್ಬ ಆಟೋ ಡ್ರೈವರಣ್ಣ ಹದಿನೈದು ನಿಮಿಷ ಬರೀ ಡ್ರಮ್ ಸದ್ದನ್ನೇ ಬಾಯಲ್ಲಿ ಹೊಡೆದ. ಹಾಡು ಹಾಕಿದ್ದರೆ ಇಷ್ಟು ಮಜಾ ಬರುತ್ತಿರಲಿಲ್ಲ ಕಣ್ರೀ.

ಇವರಲ್ಲೊಬ್ಬರು ಚಾಂಪಿಯನ್ ರೀಫ್ಸ್‌ನ ಅಂಕಲ್. ಆಂಗ್ಲೋ ಇಂಡಿಯನ್, ಎಪ್ಪತ್ತು ದಾಟಿದವರು. ಗಣಿಯ ಕಂಪ್ರೆಸರ್ ಹೌಸ್‌ನಲ್ಲಿ ಫಿಟ್ಟರ್ ಆಗಿದ್ದವರು. ಸಂಜೆ ಹೊತ್ತು ಡ್ಯಾನ್ಸ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್. ಲಾಕ್‌ಡೌನ್ ಸಡಿಲವಾದ ಮೇಲೆ ನಾನೇ ಫೋನ್ ಹಿಡಿದುಕೊಂಡು ಅವರ ಮನೆಗೆ ಹೋಗತೊಡಗಿದೆ.

“ಏನ್ ಮ್ಯಾನ್, ನಿಂಗೆ ಬೇರೆ ಕೆಲ್ಸ ಇಲ್ವಾ?” ಅಂದರು ಮೊದಲ ದಿನ.

“ಇಲ್ಲ ಅಂಕಲ್.”

“ಗುಡ್. ನಂಗೂ ಇಲ್ಲ. ಕೂತ್ಕೋ.”

ಶಿವನಸಮುದ್ರದಿಂದ ಕರೆಂಟು 1902ರಲ್ಲೇ ಬಂದ ಊರು ಕೆ.ಜಿ.ಎಫ್. ಬೆಂಗಳೂರಿಗೆ ಬಂದದ್ದು ಮೂರು ವರ್ಷ ಆಮೇಲೆ. ಇಂಗ್ಲಿಷ್ ಬಾಜಾ ಬಜಂತ್ರಿಯಲ್ಲೂ ನಾವೇ ಮುಂದೆ ಅಂತ ಅಂಕಲ್ ಹೆಮ್ಮೆ. ಕ್ರಿಸ್‌ಮಸ್ಸಿಗೆ, ಹೊಸ ವರ್ಷಕ್ಕೆ ಡ್ಯಾನ್ಸು. ಬೀಟಲ್ಸ್ ಹಾಡು ಕಲಿಯುವ ಅವರ ರೀತಿ ಕೇಳಿ: ರೇಡಿಯೋ ಸಿಲೋನ್ ಮುಂದೆ ನಾಲ್ಕು ಜನ ಕೂರುವುದು. ಒಬ್ಬ ಸಾಹಿತ್ಯ ಬರೆದುಕೊಳ್ಳುವುದು, ಒಬ್ಬ ಗಿಟಾರಿನ ಕಾರ್ಡು, ಒಬ್ಬ ಡ್ರಮ್ಮು, ಇವರು ಬೇಸು. ಮೂರು ನಿಮಿಷಕ್ಕೆ ಹಾಡು ಮುಗಿದುಹೋಗುತ್ತದೆ. ಬಿಟ್ಟುಹೋದದ್ದಕ್ಕೆ ಮತ್ತೆ ಯಾವಾಗ ಹಾಕುತ್ತಾರೋ ಅಂತ ಕಾಯುವುದು. ಎರಡನೇ ಚರಣ ಸಿಕ್ಕದಿದ್ದರೆ ಮೊದಲನೆಯದನ್ನೇ ಎರಡು ಸಲ ಹಾಡುವುದು!

ಕಂಪ್ರೆಸರ್ ಸದ್ದಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರ ಕಿವಿ ಏನಾಗಬೇಕು? ಹಾಗೆ ಕೆಟ್ಟ ಕಿವಿಗೆ ಮೊದಲು ತಪ್ಪಿಹೋಗುವುದು ಮೇಲಿನ ಸ್ವರ. ಅಂಕಲ್‌ಗೆ ಹಕ್ಕಿ ದನಿ ಕೇಳುವುದಿಲ್ಲ, ಫೋನಿನ ಗಂಟೆ ಕೇಳುವುದಿಲ್ಲ, ಹೆಣ್ಣುಮಕ್ಕಳ ಮಾತು ಅರ್ಧಂಬರ್ಧ. ಬೇಸ್ ಕೇಳುತ್ತದೆ. ನಾನು ಗೋಡೆಯ ಹೊರಗೆ ಮೆಟಾಲಿಕಾ ಕೇಳಿದ ಕಥೆ ಹೇಳಿದಾಗ ಅವರು ತುಂಬಾ ಹೊತ್ತು ನಕ್ಕರು. “ನಂಗೆ ದಿನಾ ಹಂಗೇ ಮ್ಯಾನ್. ಎಲ್ಲಾರೂ ಗೋಡೆ ಒಳಗೆ, ನಾನು ಹೊರಗೆ.”

ಅವರ ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಳೆ. ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್ನರಲ್ಲಿ ಎಷ್ಟೋ ಮನೆಯವರು ಆ ಕಡೆ ಹೋದರು. ಆಂಟಿ ತೀರಿಕೊಂಡ ಮೇಲೆ ಮಗಳು ಕರೆದಳು, ಇವರು ಕ್ವಾರ್ಟರ್ಸ್ ಬಿಟ್ಟು ಬರುವುದಿಲ್ಲ ಅಂದರು. ಫೋನಿನಲ್ಲಿ ಅವಳ ಮಾತು ಇವರಿಗೆ ಕೇಳುವುದಿಲ್ಲ, ಇವರು ಕೂಗಾಡುತ್ತಾರೆ, ಅವಳು ಅಳುತ್ತಾಳೆ. ಕ್ರಮೇಣ ಫೋನು ನಿಂತೇಹೋಯಿತು. “ಅವಳು ಬಿಜಿ” ಅನ್ನುವುದನ್ನು ಬಿಟ್ಟು ಅಂಕಲ್ ಹೆಚ್ಚು ಹೇಳುವುದಿಲ್ಲ.

ಸರ್ವರ್‌ನಲ್ಲಿ ಒಂದು ಲೆಕ್ಕದ ಪುಟ ಇರುತ್ತದೆ. ಎಷ್ಟು ಜನ ಕೇಳುತ್ತಿದ್ದಾರೆ, ಯಾವ ಊರು ಅಂತ ತೋರಿಸುತ್ತದೆ. ಊರು ಅಂದಾಜಿನದು, ಒಂದೊಂದು ಸಲ ತಪ್ಪೂ ತೋರಿಸುತ್ತದೆ. ಅಂಕಲ್ ಮಾತಾಡಲು ಶುರು ಮಾಡಿದ ಮೂರನೆಯ ವಾರದಿಂದ ಅದರಲ್ಲಿ ಪರ್ತ್ ಅಂತ ಒಂದು ಸಾಲು ಬರತೊಡಗಿತು. ಅಂಕಲ್ ಮಾತು ಶುರುವಾದರೆ ಬರುತ್ತದೆ, ಮುಗಿದರೆ ಹೋಗುತ್ತದೆ. ಒಮ್ಮೆ ಅವರಿಗೆ ಜ್ವರ ಬಂದು ಕಾರ್ಯಕ್ರಮ ತಪ್ಪಿಸಿದರು. ಆ ದಿನ ಪರ್ತ್ ಐದು ನಿಮಿಷ ಇದ್ದು ಹೊರಟುಹೋಯಿತು.

ಹೇಳಬೇಕೋ ಬೇಡವೋ? ಪರ್ತ್‌ನಲ್ಲಿ ನಮ್ಮ ಕಡೆಯವರು ಒಬ್ಬರೇ ಇದ್ದಾರೆಯೇ? ಯಾರೋ ಏನೋ. ಆಸೆ ಹುಟ್ಟಿಸಿ ಸುಳ್ಳಾದರೆ? ಎರಡು ವಾರ ಯೋಚಿಸಿದೆ. ಕೊನೆಗೆ ಅವರೇ ಕೇಳಿದರು, “ಈ ಪ್ರೋಗ್ರಾಂ ಯಾರಾದ್ರೂ ಕೇಳ್ತಾರಾ ಮ್ಯಾನ್, ಇಲ್ಲ ನಾವಿಬ್ರೇನಾ?”

“ಒಂಬತ್ತು ಜನ ಇದ್ದಾರೆ ಅಂಕಲ್. ಕೋಲಾರದಲ್ಲಿ ಇಬ್ಬರು, ಬೆಂಗಳೂರಿನಲ್ಲಿ ಆರು, ಪರ್ತ್‌ನಲ್ಲಿ ಒಬ್ಬರು.”

ಅವರು ಏನೂ ಹೇಳಲಿಲ್ಲ. ಎದ್ದು ಹೋಗಿ ಟೀ ಇಟ್ಟರು. ಮುಂದಿನ ಭಾನುವಾರ ಡ್ಯಾನ್ಸ್ ಬ್ಯಾಂಡಿನ ಮಾತು ಮುಗಿಸಿ, ನಾನು ಮೈಕ್ ತೆಗೆದುಕೊಳ್ಳುವ ಮೊದಲು, ಇಂಗ್ಲಿಷಿನಲ್ಲಿ ಇನ್ನೊಂದೆರಡು ಮಾತು ಸೇರಿಸಿದರು. ಇವತ್ತು ಮಧ್ಯಾಹ್ನ ಹಳದಿ ಅನ್ನ, ಬಾಲ್ ಕರಿ ಮಾಡಿದ್ದೆ, ಉಪ್ಪು ಜಾಸ್ತಿಯಾಯಿತು, ಅಮ್ಮನ ಕೈ ನನಗಿಲ್ಲ. ಅಷ್ಟೇ. ಅಂದಿನಿಂದ ಪ್ರತಿ ವಾರ ಅಡುಗೆ ಏನು, ಹಿತ್ತಲ ಸೀಬೆ ಮರ ಕಾಯಿ ಬಿಟ್ಟಿತೋ ಇಲ್ಲವೋ, ಮಂಡಿ ನೋವು ಹೇಗಿದೆ ಎಂಬ ವರದಿ ಇರುತ್ತದೆ. ಬೇರೆ ಕೇಳುಗರು ಅದು ಕಾರ್ಯಕ್ರಮದ ಭಾಗ ಅಂದುಕೊಂಡಿದ್ದಾರೆ. ಡ್ರೈವರಣ್ಣ ಒಂದು ದಿನ ಫೋನ್ ಮಾಡಿ ಬಾಲ್ ಕರಿಗೆ ಏನೇನು ಹಾಕಬೇಕು ಅಂತ ಕೇಳಿದ.

ಮೊದಲು ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಇತ್ತು. ಹೋದ ಮಳೆಗಾಲದಲ್ಲಿ ಅಂಕಲ್ ಅದನ್ನು ಏಳೂವರೆಗೆ ತರಲು ಹೇಳಿದರು. ಮಾತ್ರೆ ನುಂಗಿ ಬೇಗ ಮಲಗಬೇಕಂತೆ. ಏಳೂವರೆ ಅಂದರೆ ಪರ್ತ್‌ನಲ್ಲಿ ರಾತ್ರಿ ಹತ್ತು. ಬದಲಾಯಿಸಿದೆ. ಕಳೆದ ಭಾನುವಾರ ಕೇಳುಗರು ಏಳು ಜನ. ಬೆಂಗಳೂರಿನಲ್ಲಿ ನಾಲ್ಕು, ಮಾಲೂರು ಒಂದು, ಕೋಲಾರ ಒಂದು, ಪರ್ತ್ ಒಂದು.