ಪಾಯಿಂಟ್ ಒಂಬತ್ತು

ನಮ್ಮ ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಬಕೆಟ್, ಒಂದೇ ನೀರಿನ ಬಾಟಲಿ. ಎತ್ತಿ ಕುಡೀಬೇಕು, ಬಾಯಿ ತಾಗಿಸಬಾರದು ಅಂತ ಎಲ್ಲರ ಮನೆಯಲ್ಲೂ ಹೇಳಿ ಕಳಿಸಿದ್ದರು. ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲೇ ನಾವದನ್ನ ಮರೆತೆವು.

ಜನವರಿಯಲ್ಲಿ ನಮ್ಮಲ್ಲೊಬ್ಬ ಮಲಗಿದ. ಅವನ ಊರು ಸಾಗರದ ಕಡೆ, ಹಾಗಾಗಿ ನಮಗೆ ಅವನು ‘ಸಾಗರ’. ಜ್ವರ, ಉಗುಳು ನುಂಗೋಕೂ ಆಗದಷ್ಟು ಗಂಟಲು ನೋವು, ಕತ್ತಿನ ಎರಡೂ ಕಡೆ ಗಡ್ಡೆ. ಅವರಮ್ಮ ಫೋನಿನಲ್ಲಿ ಕೇಳಿದ ಮೊದಲ ಮಾತು, "ತೋಟಕ್ಕೆ ಹೋದಾಗ ಉಣುಗು ಏನಾದ್ರೂ ಕಚ್ಚಿತ್ತೇನೋ? ಮಂಗನ ಕಾಯಿಲೆ ಅಲ್ವಲ್ಲ?" ನಾವು ನಕ್ಕೆವು. ಮಂಗನ ಕಾಯಿಲೆ ಅಂತ ಒಂದು ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಗಂಟಲು ನೋವು ತಾನೆ ಅಂತ, ನಮ್ಮ ಹತ್ತಿರ ಹಿಂದಿನ ಸಲದ್ದು ಉಳಿದಿದ್ದ ಅಮಾಕ್ಸಿಸಿಲಿನ್ ಕೊಟ್ಟೆವು. ಕೆಲವು ದಿನಕ್ಕೆ ಮೈತುಂಬ ಕೆಂಪು ದದ್ದು. ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಅಡ್ಮಿಟ್ ಮಾಡಿಕೊಂಡರು. ರಕ್ತ ಪರೀಕ್ಷೆ ಆಯ್ತು. ಡಾಕ್ಟರು ಮೊದಲು ನಮಗೆ ಬೈದರು, ಆಮೇಲೆ ಕಾಯಿಲೆಯ ಹೆಸರು ಹೇಳಿದರು: ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್. ಈ ಕಾಯಿಲೆ ಇರುವಾಗ ಆ ಮಾತ್ರೆ ಕೊಟ್ಟರೆ ಹೀಗೆ ದದ್ದು ಏಳೋದು ಹೊಸತಲ್ಲವಂತೆ.

ನಾವು ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಗೂಗಲ್ ಮಾಡಿದೆವು. ಅಲ್ಲಿ ಅದರ ಇನ್ನೊಂದು ಹೆಸರು ಸಿಕ್ತು: ‘ಕಿಸ್ಸಿಂಗ್ ಡಿಸೀಸ್’. ಉಳಿದಿದ್ದು ಯಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ರಾತ್ರಿಯೊಳಗೆ ವಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ‘ಮುತ್ತಿನ ಕಾಯಿಲೆ’ ಅಂತ ಸ್ಟಿಕರ್ ಓಡಾಡಿತು. ಆ ಸ್ಟಿಕರ್ ಮಾಡಿದ್ದು ನಾವೇ. ಯಾರ ಜೊತೆ ಅನ್ನೋದಕ್ಕೂ ಎರಡು ಹೆಸರು ತೇಲಿಬಂದವು. ಒಂದು ನಮ್ಮ ಲ್ಯಾಬ್ ಬ್ಯಾಚಿನ ಹುಡುಗಿಯದು. ಅವಳು ಮಾರನೇ ದಿನದಿಂದ ನಮ್ಮ ಟೇಬಲ್ ಕಡೆ ಬರೋದು ಬಿಟ್ಟಳು.

ಡಿಸ್ಚಾರ್ಜ್ ದಿನ ಇನ್ಶೂರೆನ್ಸ್ ಫಾರಂ ತರೋದು ನಮ್ಮ ಪಾಲಿಗೆ ಬಂತು. ಆಸ್ಪತ್ರೆಯವರು ತುಂಬುವ ಭಾಗದಲ್ಲಿ ‘ಐಸಿಡಿ-10 ಕೋಡ್’ ಅಂತ ಒಂದು ಸಾಲು. ಅದರ ಮುಂದೆ ಬರೆದಿತ್ತು: ಬಿ27.9. ಒಂದು ತಿಂಗಳ ಜ್ವರ, ನೋವು, ನಮ್ಮ ಅಷ್ಟೂ ತಮಾಷೆ ಸೇರಿ ನಾಲ್ಕು ಅಕ್ಷರ.

ನಮ್ಮಲ್ಲೊಬ್ಬನ ಅಕ್ಕ ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್. ಅಮೆರಿಕದ ಆಸ್ಪತ್ರೆಗಳ ದಾಖಲೆ ಓದಿ, ಕಾಯಿಲೆಗೆ ಕೋಡ್ ಹಾಕೋದು ಅವರ ಕೆಲಸ. ಫೋನ್ ಮಾಡಿ ಕೇಳಿದೆವು. ಅಕ್ಕ ಪಾಠದ ಥರ ಶುರು ಮಾಡಿದರು. ಐಸಿಡಿ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ. 1893ರಲ್ಲಿ ಬರ್ಟಿಲಾನ್ ಅನ್ನೋ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ ಮಾಡಿದ ಸಾವಿನ ಕಾರಣಗಳ ಪಟ್ಟಿಯಿಂದ ಬೆಳೆದು ಬಂದದ್ದು. ಒಂಬತ್ತನೇ ಆವೃತ್ತಿಯಲ್ಲಿ ಮಾನೋಗೆ ಇದ್ದದ್ದು ಬರೀ 075. ಹತ್ತನೆಯದರಲ್ಲಿ ಬಿ27, ಅದರೊಳಗೆ ವಿಭಾಗಗಳು. ಪಾಯಿಂಟ್ ಸೊನ್ನೆ ಅಂದ್ರೆ ಎಪ್‌ಸ್ಟೀನ್-ಬಾರ್ ವೈರಸ್ ಸೇರಿದ ಗಾಮಾ ಹರ್ಪಿಸ್ ಗುಂಪಿನಿಂದ ಬಂದದ್ದು, ಪಾಯಿಂಟ್ ಒಂದು ಅಂದ್ರೆ ಸೈಟೊಮೆಗಾಲೊ ವೈರಸ್ಸಿನದು, ಪಾಯಿಂಟ್ ಎಂಟು ಅಂದ್ರೆ ಬೇರೆ ಬಗೆ. ಅಮೆರಿಕದವರು ಕೊನೆಗೆ ಇನ್ನೊಂದು ಅಂಕಿ ಸೇರಿಸ್ತಾರೆ, ತೊಡಕು ಏನಾದರೂ ಇದ್ಯಾ ಅಂತ ಹೇಳೋಕೆ: ಬಿ27.90 ಅಂದ್ರೆ ಏನೂ ಇಲ್ಲ, ಬಿ27.92 ಅಂದ್ರೆ ಜೊತೆಗೆ ಮೆನಿಂಜೈಟಿಸ್.

"ಮತ್ತೆ ಪಾಯಿಂಟ್ ಒಂಬತ್ತು?"

"ಯಾವುದರಿಂದ ಬಂತು ಅಂತ ಡಾಕ್ಟರು ಬರೆದಿಲ್ಲ ಅಂತ ಅರ್ಥ. ಬರೆಯದೇ ಇದ್ದದ್ದನ್ನ ನಾವು ಊಹಿಸಿ ತುಂಬೋ ಹಾಗಿಲ್ಲ ಕಣ್ರೋ."

ಇನ್ನೊಂದು ನಿಯಮವನ್ನೂ ಹೇಳಿದರು. ಅವರು ನೋಡುವ ಹೊರರೋಗಿಗಳ ದಾಖಲೆಯಲ್ಲಿ ಡಾಕ್ಟರು ‘ಮಾನೋ ಇರಬಹುದು’ ಅಂತಷ್ಟೇ ಬರೆದಿದ್ದರೆ ಬಿ27 ಹಾಕೋ ಹಾಗಿಲ್ಲ. ಕಂಡದ್ದನ್ನ ಮಾತ್ರ ಹಾಕಬೇಕು: ಜ್ವರ ಇದ್ದರೆ ಆರ್50.9, ಗಂಟಲು ನೋವಿದ್ದರೆ ಆರ್07.0. ಅನುಮಾನಕ್ಕೆ ಕೋಡ್ ಇಲ್ಲ. ತಪ್ಪಿ ಹಾಕಿದರೆ ಆ ಮನುಷ್ಯನ ದಾಖಲೆಯಲ್ಲಿ ಇಲ್ಲದ ಕಾಯಿಲೆ ಕೂತುಬಿಡುತ್ತೆ.

ಫೋನ್ ಇಟ್ಟ ಮೇಲೆ ನಾವು ಮೂವರೂ ಸುಮ್ಮನೆ ಕೂತಿದ್ದೆವು. ನಾವು ಕೋಡ್ ಬರೆಯೋ ಹುಡುಗರು. ಸ್ವಿಚ್ ಕೇಸಿನ ಕೊನೆಗೆ ಡೀಫಾಲ್ಟ್ ಹಾಕದಿದ್ದರೆ ಲ್ಯಾಬಿನಲ್ಲಿ ಮಾರ್ಕ್ಸ್ ಕಟ್ ಆಗುತ್ತೆ ಅಂತ ಗೊತ್ತು. ‘ಗೊತ್ತಿಲ್ಲ’ ಅನ್ನೋದಕ್ಕೆ ಒಂದು ಜಾಗ ಬಿಡಬೇಕು ಅಂತ ಮನುಷ್ಯರ ವಿಷಯದಲ್ಲಿ ಯಾಕೆ ಹೊಳೀಲಿಲ್ಲವೋ. ಅಕ್ಕ ಜಾಗ ಬಿಟ್ಟ ಕಡೆ ನಾವು ಎರಡು ಹೆಸರು ತುಂಬಿದ್ದೆವು.

ಆಮೇಲೆ ಸರಿಯಾಗಿ ಓದಿದೆವು. ಎಪ್‌ಸ್ಟೀನ್-ಬಾರ್ ವೈರಸ್ಸನ್ನ ಕಂಡುಹಿಡಿದದ್ದು 1964ರಲ್ಲಿ. ಪ್ರಪಂಚದ ವಯಸ್ಕರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರ ಮೈಯಲ್ಲಿ ಅದು ಇರುತ್ತೆ. ಚಿಕ್ಕವರಿದ್ದಾಗ ಬಂದರೆ ಎಷ್ಟೋ ಸಲ ಗೊತ್ತೇ ಆಗಲ್ಲ, ಹದಿನೆಂಟು-ಇಪ್ಪತ್ತರಲ್ಲಿ ಬಂದರೆ ಮಲಗಿಸುತ್ತೆ. ಎಂಜಲಿನಿಂದ ಹರಡುತ್ತೆ. ಒಳಗೆ ಸೇರಿ ನಾಲ್ಕರಿಂದ ಆರು ವಾರ ಆದ ಮೇಲೆ ಕಾಯಿಲೆ ಕಾಣಿಸಿಕೊಳ್ಳುತ್ತೆ. ಆರೋಗ್ಯವಾಗಿ ಕಾಣೋರ ಎಂಜಲಲ್ಲೂ ಆಗಾಗ ವೈರಸ್ ಇರುತ್ತೆ. ಇಷ್ಟು ಓದಿ, ಮೂವರೂ ಒಟ್ಟಿಗೆ ಕಿಟಕಿ ಮೇಲಿದ್ದ ಬಾಟಲಿ ಕಡೆ ನೋಡಿದೆವು. ಅವನಿಗೆ ಕೊಟ್ಟವರು ನಾವೇ ಇರಬಹುದು. ಇಲ್ಲದೆಯೂ ಇರಬಹುದು. ಪಾಯಿಂಟ್ ಒಂಬತ್ತು.

ಮೂರು ವಾರ ಬಿಟ್ಟು ಸಾಗರ ವಾಪಸ್ ಬಂದ, ಇಳಿದುಹೋಗಿದ್ದ. ಗುಲ್ಮ ಊದಿತ್ತು, ಏಟು ಬಿದ್ದರೆ ಒಡೆಯಬಹುದು ಅಂತ ಡಾಕ್ಟರು ಇನ್ನೂ ಸ್ವಲ್ಪ ದಿನ ಕಬಡ್ಡಿ ಬೇಡ ಅಂದಿದ್ದರು. (ಸ್ಪ್ಲೀನ್‌ಗೆ ಕನ್ನಡದಲ್ಲಿ ಗುಲ್ಮ ಅಂತಾರೆ ಅನ್ನೋದು ಇದನ್ನ ಬರೆಯೋವಾಗಲೇ ನಮಗೆ ಗೊತ್ತಾದದ್ದು.) ಸ್ಟಿಕರ್ ಅವನು ಊರಲ್ಲೇ ನೋಡಿದ್ದ. ಬೈಯಲಿಲ್ಲ, ಮಾತೂ ಆಡಲಿಲ್ಲ. ಬ್ಯಾಗಿನಿಂದ ಒಂದು ಸ್ಟೀಲ್ ಬಾಟಲಿ ತೆಗೆದು ತನ್ನ ಮಂಚದ ಪಕ್ಕ ಇಟ್ಟ. ಅದು ನಮಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಸ್ಟಿಕರ್ ಡಿಲೀಟ್ ಮಾಡಿದ್ದೆವು. ಅದು ಹೋದ ಫೋನುಗಳಿಂದೆಲ್ಲ ಡಿಲೀಟ್ ಮಾಡೋಕಾಗಲ್ಲ. ಹಾಗಾಗಿ ಅದೇ ಗ್ರೂಪಿನಲ್ಲಿ, ಮಾಡಿದ್ದು ನಾವು, ಹೇಳಿದ್ದು ಸುಳ್ಳು ಅಂತ ಬರೆದೆವು. ಲ್ಯಾಬಿನ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆವು. "ಸರಿ" ಅಂದಳು, ಅಷ್ಟೇ. ಸಾಗರನ ಮುಂದೆ ಕೂತು ಮಾತ್ರೆಯಿಂದ ಹಿಡಿದು ಬಾಟಲಿವರೆಗೆ ಎಲ್ಲಾ ಹೇಳಿದೆವು.

ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಆ ಪಟ್ಟಿಯಲ್ಲಿ ಮಂಗನ ಕಾಯಿಲೆ ಇದ್ಯೇನ್ರೋ?" ಅಂದ.

ಹುಡುಕಿದೆವು. ಎ98.2, ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು. ಪ್ರಪಂಚ ಪೂರ್ತಿ ಬಳಸೋ ಪಟ್ಟಿಯಲ್ಲಿ ಅವನ ಪಕ್ಕದ ತಾಲೂಕಿನ ಕಾಡಿನ ಹೆಸರು. ಅವರಮ್ಮ ಕೇಳಿದ ಪ್ರಶ್ನೆ ನಗೋ ಮಾತಾಗಿರಲಿಲ್ಲ. ಅವನು ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿದ.

ಈಗ ನಮ್ಮ ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಬಕೆಟ್, ನಾಲ್ಕು ಬಾಟಲಿ.