ದುಶ್ಶಾಸನ ಅಲ್ಲ, ದುರ್ಯೋಧನ

2025ರ ಫೆಬ್ರವರಿ 9, ಭಾನುವಾರ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಎಡ್ ಶೀರನ್ ಗಿಟಾರ್ ಹಿಡಿದು ರಸ್ತೆ ಬದಿಯಲ್ಲೇ ನಿಂತು ಹಾಡ್ತಾ ಇದ್ದ. ‘ಶೇಪ್ ಆಫ್ ಯೂ’ ನಡೀತಿತ್ತು. ಪೊಲೀಸರೊಬ್ಬರು ಬಂದವರೇ ಮೈಕಿನ ವೈರ್ ಕಿತ್ತರು. ಹಾಡು ಅಲ್ಲಿಗೇ ನಿಂತಿತು. ಅನುಮತಿ ಇರಲಿಲ್ಲ ಅಂತ ಪೊಲೀಸರು, ಇತ್ತು ಅಂತ ಶೀರನ್. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ನನಗಂತೂ ಮಧ್ಯಾಹ್ನದೊಳಗೆ ಆರು ಗ್ರೂಪ್‌ಗಳಿಂದ ಬಂತು.

ಹಿಂದಿನ ರಾತ್ರಿಯಷ್ಟೇ ಮಾದಾವರದ ನೈಸ್ ಗ್ರೌಂಡ್ಸ್‌ನಲ್ಲಿ ಅವನ ಕಾರ್ಯಕ್ರಮಕ್ಕೆ ಹೋಗಿಬಂದಿದ್ದೆ. ಟಿಕೆಟ್, ಕ್ಯಾಬ್, ಊಟ ಎಲ್ಲ ಸೇರಿ ಹನ್ನೆರಡು ಸಾವಿರ ಖರ್ಚು. ಮನೇಲಿ ಹೇಳಿರಲಿಲ್ಲ. ಅದನ್ನೇ ಇವತ್ತು ಫುಟ್‌ಪಾತಲ್ಲಿ ನಿಂತವರು ಪುಕ್ಕಟೆ ಕೇಳಿದರಲ್ಲ ಅಂತ ಹೊಟ್ಟೆ ಉರ್ಕೊಂಡು ಕೂತಿದ್ದಾಗ ಊರಿಂದ ಅಪ್ಪನ ಫೋನ್ ಬಂತು.

“ಮಗ, ಈ ಸಲ ದುರ್ಯೋಧನ ನಂದೇ.”

“ಎಷ್ಟು ಕೊಟ್ಟೆ?”

“ನಲವತ್ತು.”

ನಲವತ್ತು ಅಂದ್ರೆ ನಲವತ್ತು ಸಾವಿರ. ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಊರಿನ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡೋವ್ರಿಗೆ ಯಾರೂ ದುಡ್ಡು ಕೊಡಲ್ಲ, ಪಾರ್ಟು ಮಾಡೋವ್ರೇ ಕೊಡಬೇಕು. ‘ಕುರುಕ್ಷೇತ್ರ’ದಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ರೇಟು. ಕೃಷ್ಣ, ದುರ್ಯೋಧನ ಮೇಲಿನ ಸಾಲಿನವರು. ಭೀಮ, ಕರ್ಣ, ಅರ್ಜುನ ಆಮೇಲೆ. ವಿದುರ, ಸಾತ್ಯಕಿ, ದೂತ ಕಡಿಮೆ ಬಜೆಟ್ಟಿನವರು. ಆ ದುಡ್ಡಲ್ಲೇ ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ದ್ರೌಪದಿ ಕುಂತಿ ಪಾತ್ರಕ್ಕೆ ಹೊರಗಿಂದ ಬರೋ ಕಲಾವಿದೆಯರಿಗೆ, ಮೈಕಿಗೆ, ಜನರೇಟರಿಗೆ ಎಲ್ಲ ಆಗಬೇಕು. ನೋಡೋಕೆ ಬರೋವ್ರಿಗೆ ಟಿಕೆಟ್ಟೇ ಇಲ್ಲ.

ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ. ಸರಿ, ದುಡ್ಡಿಗೂ ಬಂತು. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಮಾರಿ ಬಂದ ದುಡ್ಡದು. ಬ್ಯಾರನ್ ಗೋಡೆ ಬಿರುಕು ಬಿಟ್ಟು ಎರಡು ವರ್ಷ ಆಗಿದೆ, ರಿಪೇರಿ ಇಲ್ಲ. ಆದರೆ ಅದಕ್ಕಿಂತ ದೊಡ್ಡ ವಿಷಯ, ಎರಡು ವರ್ಷದ ಹಿಂದೆ ಅಪ್ಪನ ಎದೆಗೆ ಸ್ಟೆಂಟ್ ಹಾಕಿದ್ದಾರೆ. ಭಾರ ಎತ್ತಬೇಡಿ, ನಿದ್ದೆಗೆಡಬೇಡಿ ಅಂತ ಡಾಕ್ಟ್ರು ಹೇಳಿದ್ದು ನನ್ನ ಎದುರಲ್ಲೇ. ದುರ್ಯೋಧನನ ಪಾತ್ರ ಅಂದ್ರೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ಐದರವರೆಗೆ ಗದೆ ಹೊತ್ತು ಗರ್ಜಿಸೋದು. ಅದನ್ನೇ ಹೇಳಿದೆ, ಸ್ವಲ್ಪ ಜೋರಾಗೇ ಹೇಳಿದೆ. ಅಪ್ಪ “ಆಯ್ತು ಬುಡು” ಅಂತ ಫೋನ್ ಇಟ್ಟರು. ಆಮೇಲೆ ಹದಿನೈದು ದಿನ ಫೋನ್ ಬರಲಿಲ್ಲ. ಅವ್ವ ಮಾತ್ರ ಕದ್ದು ಫೋನ್ ಮಾಡಿ, “ಗುಡಿ ಜಗಲಿ ಮೇಲೆ ಪ್ರಾಕ್ಟೀಸು, ದಿನಾ ಹನ್ನೊಂದ್ ಗಂಟೆಗ್ ಬತ್ತಾರೆ. ಮಾತ್ರೆ ತಕೋತಾವ್ರೆ” ಅಂತ ವರದಿ ಕೊಡ್ತಿದ್ದರು.

ಆಫೀಸಿನ ಗೆಳೆಯನೊಬ್ಬ ದೆಹಲಿ ಕಡೆಯವನು. ಇಂದಿರಾನಗರದ ಪಬ್ಬಿನಲ್ಲಿ ಲೈವ್ ಬ್ಯಾಂಡ್ ಕೇಳ್ತಾ ಕೂತಿದ್ದಾಗ, “ನಿಮ್ಮೂರಲ್ಲಿ ನೈಟ್‌ಲೈಫ್ ಇದೆಯಾ?” ಅಂತ ಕೇಳಿದ್ದ. ನಾನು ನಕ್ಕು, “ಎಚ್.ಡಿ.ಕೋಟೆ ಕಡೆ ಇದೆ, ಆನೆಗಳದ್ದು” ಅಂದಿದ್ದೆ. ಸುಳ್ಳೇನಲ್ಲ. ಕೋಟೆಯಿಂದ ಮಾನಂದವಾಡಿಗೆ ಹೋಗೋ ಬಾವಲಿ ರಸ್ತೆಗೆ ಸಂಜೆ ಆರಕ್ಕೆ ಗೇಟು ಬಿದ್ದರೆ ತೆಗೆಯೋದು ಬೆಳಿಗ್ಗೆ ಆರಕ್ಕೆ. ರಾತ್ರಿ ಪೂರ್ತಿ ಪ್ರಾಣಿಗಳಿಗೆ ಬಿಟ್ಟಿದ್ದು. ನಮ್ಮೂರಿನ ವಾಟ್ಸಾಪ್ ಗ್ರೂಪ್ ನೋಡಿದರೂ ಅಷ್ಟೇ: ಬೋನಿಗೆ ಬಿದ್ದ ಚಿರತೆ, ರಾಗಿ ಮೆದೆಗೆ ಬಾಯಿ ಹಾಕಿದ ಆನೆ, ಯಾರದೋ ಕೊಟ್ಟಿಗೆಗೆ ಬಂದ ಹೆಬ್ಬಾವು.

ಗೆಳೆಯನಿಗೆ ಹೇಳಬಹುದಾದ್ದು ಬೇರೆ ಬೇಕಾದಷ್ಟಿತ್ತು. ಶಿವರಾತ್ರಿ ಬಂತು ಅಂದ್ರೆ ಕೆ.ಆರ್.ನಗರ ಸೀಮೆಯ ಕಪ್ಪಡಿಯಲ್ಲಿ, ಕಾವೇರಿ ದಂಡೆ ಮೇಲೆ ರಾಚಪ್ಪಾಜಿ ಜಾತ್ರೆ. ಅಲ್ಲಿ ನೀಲಗಾರರು ತಂಬೂರಿ ಹಿಡಿದು ಕೂತರೆ ಮಂಟೇಸ್ವಾಮಿ ಕಥೆ ಮುಗಿಯೋದು ಕೋಳಿ ಕೂಗಿದ ಮೇಲೆ. ಅದೇ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕುವ ಸದ್ದು ಅಷ್ಟು ದೂರಕ್ಕೆ ಕೇಳುತ್ತೆ, ಪಕ್ಕದ ಕೋದಂಡರಾಮನ ಗರ್ಭಗುಡಿ ಒಳಗೆ ಮಾತ್ರ ಕೇಳಿಸಲ್ಲ ಅಂತಾರೆ. ಚಿಕ್ಕಂದಿನಲ್ಲಿ ಬಾಗಿಲ ಒಳಗೊಂದು ಕಾಲು, ಹೊರಗೊಂದು ಕಾಲು ಇಟ್ಟು ಪರೀಕ್ಷೆ ಮಾಡಿ ಪೂಜಾರಪ್ಪನವರ ಹತ್ತಿರ ಬೈಸ್ಕೊಂಡಿದ್ದೆ. ಇದೆಲ್ಲ ಅವತ್ತು ಆ ಪಬ್ಬಿನಲ್ಲಿ ನನ್ನ ಬಾಯಿಗೇ ಬರಲಿಲ್ಲ. ಅಪ್ಪ ನಾಟಕ ಮಾಡ್ತಾರೆ ಅಂತಾನೂ ಹೇಳಲಿಲ್ಲ.

ಮಾರ್ಚ್ ಎರಡನೇ ವಾರ, ಶನಿವಾರ. ಅವ್ವ “ಬರ್ದೇ ಇದ್ರೆ ಬೇಜಾರ್ ಮಾಡ್ಕೋತಾರೆ” ಅಂದಿದ್ದಕ್ಕೆ ಕಾರು ತೆಗೆದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರು ಒಂದೂವರೆ ಗಂಟೆ. ಅಲ್ಲಿಂದ ಹುಣಸೂರು ದಾಟಿ ಊರು ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಊರ ಬಾಗಿಲಲ್ಲೇ ಫ್ಲೆಕ್ಸ್. ಸಾಲಾಗಿ ಪಾತ್ರಧಾರಿಗಳ ಪಾಸ್‌ಪೋರ್ಟ್ ಫೋಟೊ. ಮೇಲಿನ ಸಾಲಿನಲ್ಲಿ ಅಪ್ಪ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು. ಅದು ನನ್ನ ಗ್ಲಾಸು, ದೀಪಾವಳಿಗೆ ಬಂದಾಗ ಮರೆತು ಹೋಗಿದ್ದು.

ಸ್ಕೂಲ್ ಮೈದಾನದಲ್ಲಿ ಸೀನರಿ ನಿಂತಿತ್ತು. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಮೇಲೆ ಬಣ್ಣ ಬಣ್ಣದ ಲೈಟು. ಸ್ಟೇಜಿನ ಮುಂದೆ ಇಳಿಬಿಟ್ಟ ಮೂರು ಮೈಕು. ಬೋಂಡ, ಚುರುಮುರಿ, ಕಡ್ಲೆಕಾಯಿ ಗಾಡಿಗಳು. ಚಾಪೆ, ಕಂಬಳಿ, ಮಕ್ಕಳು, ಮೊಮ್ಮಕ್ಕಳು. ಕ್ಲಾಸ್‌ರೂಮಿನಲ್ಲಿ ಬಣ್ಣ ಹಚ್ಚೋ ಕೆಲಸ. ಒಳಗೆ ಹೋದರೆ ಅಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮೀಸೆ ಅರ್ಧ ಬರೆದಿತ್ತು.

“ಬಂದ್ಯಾ? ಊಟ ಮಾಡ್ದಾ?” ಅಷ್ಟೇ.

ಹಾರ್ಮೋನಿಯಂ ಮೇಷ್ಟ್ರು ನನ್ನನ್ನ ಟೀ ಅಂಗಡಿಗೆ ಕರ್ಕೊಂಡು ಹೋದರು. ಎಪ್ಪತ್ತು ದಾಟಿದವರು, ಸುತ್ತಮುತ್ತಲ ಊರಿನ ಅರ್ಧ ಜನಕ್ಕೆ ಕಂದಪದ್ಯ ಕಲಿಸಿದವರು. ಮೊದಲು ಗುಬ್ಬಿ ವೀರಣ್ಣನವರ ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ಸ್ಟೇಜಿನ ಮೇಲೆ ನಿಜವಾದ ಆನೆನೇ ತರ್ತಿದ್ದರು ಅನ್ನೋ ಕಥೆ ಹೇಳಿದರು. ಆಮೇಲೆ ಲೋಟ ಕೆಳಗಿಟ್ಟು, “ನಿಮ್ಮಪ್ಪ ದುರ್ಯೋಧನನ ಮಾತು ಕಲ್ತು ಹನ್ನೆರಡು ವರ್ಷ ಆಯ್ತು ಕಣಪ್ಪ. ಗೊತ್ತಾ?” ಅಂದರು.

ಗೊತ್ತಿರಲಿಲ್ಲ. ಅಪ್ಪ ದೂತ ಆಗಿದ್ದು, ಸಾತ್ಯಕಿ ಆಗಿದ್ದು, ಮೂರು ಸಲ ವಿದುರ ಆಗಿದ್ದು ಗೊತ್ತಿತ್ತು. ವಿದುರನ ಗಡ್ಡ ಇಟ್ಕೊಂಡು ಬಂದು ನನ್ನನ್ನ ಹೆದರಿಸಿದ್ದೂ ನೆನಪಿತ್ತು.

“2013ರಲ್ಲಿ ಎಲ್ಲ ಆಗಿತ್ತು. ಪಾರ್ಟ್ ಹೇಳಾಗಿತ್ತು, ಅಡ್ವಾನ್ಸ್ ಕೊಟ್ಟಾಗಿತ್ತು. ನಿನ್ ಇಂಜಿನಿಯರಿಂಗ್ ಸೀಟು ಬಂತು. ವಾಪಸ್ ಇಸ್ಕೊಂಡ್ರು.”

ನಾನು ಏನೂ ಮಾತಾಡಲಿಲ್ಲ. ಟೀ ದುಡ್ಡು ಕೊಡೋಕೆ ಹೋದರೆ ಅದನ್ನೂ ಮೇಷ್ಟ್ರೇ ಕೊಟ್ಟಿದ್ದರು.

ಒಂಬತ್ತೂ ಮುಕ್ಕಾಲಿಗೆ ಪರದೆ ಎದ್ದಿತು. ಹತ್ತು ಗಂಟೆಗೆ ಸರಿಯಾಗಿ ಬೈಕಿನಲ್ಲಿ ಇಬ್ಬರು ಪೊಲೀಸರು ಬಂದರು. ಅವರದ್ದೇನೂ ತಪ್ಪಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಹರಿದಿನಕ್ಕೆ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ವರ್ಷಕ್ಕೆ 15 ದಿನ ಮೀರದ ಹಾಗೆ ಮಧ್ಯರಾತ್ರಿವರೆಗೆ ಸಡಿಲ ಕೊಡಬಹುದು, ಅಷ್ಟೇ. ಬೆಂಗಳೂರಿನ ಪಬ್ಬಿಗೆ ರಾತ್ರಿ ಒಂದು ಗಂಟೆ ಸಾಕು. ಕುರುಕ್ಷೇತ್ರಕ್ಕೆ ಸಾಲದು. ಮಧ್ಯರಾತ್ರಿಗೆ ಕೃಷ್ಣ ಇನ್ನೂ ಸಂಧಾನಕ್ಕೇ ಹೊರಟಿರಲ್ಲ. ಸಂಘದವರು ಕೈಮುಗಿದು ಮಾತಾಡಿದರು. ಕೊನೆಗೆ ಆದ ತೀರ್ಮಾನ: ಕಂಬದ ಮೇಲಿನ ಹಾರನ್ ಈಗಲೇ ಇಳಿಸಬೇಕು, ಹನ್ನೆರಡಕ್ಕೆ ಮೈಕ್ ಪೂರ್ತಿ ಆಫ್. “ನಾಟ್ಕ ನಿಲ್ಸಿ ಅಂತ ನಾವ್ ಹೇಳಿಲ್ಲ. ಮೈಕ್ ಆಫ್ ಮಾಡಿ ಅಂದ್ವಿ” ಅಂತ ಹಿರಿಯ ಪೊಲೀಸಪ್ಪ ಹೇಳಿ, ಅಲ್ಲೇ ಒಂದು ಕುರ್ಚಿ ಎಳ್ಕೊಂಡು ಕೂತರು.

ಹನ್ನೆರಡಕ್ಕೆ ಮೈಕ್ ಆಫ್ ಆಯ್ತು. ನಾನು ಎದ್ದು ಒಳಗೆ ಓಡಿದೆ. ಸಾವಿರ ಜನ ಕೂತಿರೋ ಬಯಲಲ್ಲಿ ಮೈಕಿಲ್ಲದೆ ಐದು ಗಂಟೆ ಕೂಗೋದು ಅಂದ್ರೆ ಆ ಎದೆಗೆ ಏನಾಗುತ್ತೆ?

“ಸಾಕು ಅಪ್ಪ. ಇನ್ಯಾರಾದ್ರೂ ಮುಂದುವರಿಸ್ಲಿ. ದುಡ್ಡು ಹೋದ್ರೆ ಹೋಗ್ಲಿ, ನಾನ್ ಕೊಡ್ತೀನಿ.”

ಅಪ್ಪ ಭುಜಕೀರ್ತಿ ದಾರ ಬಿಗಿ ಮಾಡ್ಕೋತಾ ಇದ್ದರು. “ನಮ್ಮಪ್ಪ ಮಾಡೋ ಕಾಲಕ್ಕೆ ಮೈಕ್ ಎಲ್ಲಿತ್ಲಾ? ಇದನ್ನ ಹಿಂದ್ಗಡೆ ಗಂಟ್ ಹಾಕು, ನಂಗ್ ಎಟುಕ್ತಿಲ್ಲ.”

ಗಂಟು ಹಾಕಿದೆ. ಕೈ ನಡುಗ್ತಿತ್ತು, ನನ್ನದು.

ಹೊರಗೆ ಬಂದು ನೋಡಿದರೆ ಯಾರೂ ಮನೆಗೆ ಹೋಗಿರಲಿಲ್ಲ. ಹಿಂದಿನವರು ಚಾಪೆ ಎಳ್ಕೊಂಡು ಮುಂದೆ ಮುಂದೆ ಬರ್ತಿದ್ದರು. ಕಡ್ಲೆಕಾಯಿಯವನು ಪೆಟ್ರೋಮ್ಯಾಕ್ಸ್ ಸಮೇತ ಗಾಡಿ ತಂದ. ಜನರೇಟರನ್ನ ಸ್ಕೂಲಿನ ಹಿಂದಕ್ಕೆ ದೂಡಿದರು, ಅದರ ಗುಡುಗುಡು ಕಮ್ಮಿ ಆಗಲಿ ಅಂತ. ಅಳೋ ಮಕ್ಕಳಿಗೆ ಪಕ್ಕದವರೇ ಬೈದರು. ಮೈದಾನದ ಅರ್ಧ ಜಾಗ ಖಾಲಿಯಾಗಿ, ಎಲ್ಲರೂ ಸ್ಟೇಜಿಗೆ ಒತ್ತಿಕೊಂಡು ಕೂತಿದ್ದರು. ಮೇಷ್ಟ್ರು ಶ್ರುತಿಯನ್ನ ಕಪ್ಪು ಎರಡರಿಂದ ಕಪ್ಪು ಒಂದಕ್ಕೆ ಇಳಿಸಿದರು. ಅಪ್ಪನಿಗೋಸ್ಕರ ಅಂತ ನನಗೆ ಅನ್ನಿಸ್ತು. ಕೇಳಲಿಲ್ಲ.

ಸಂಧಾನದ ಸೀನು ಮುಗಿಯುವಾಗ ಒಂದೂಕಾಲು. ಅಪ್ಪನ ಧ್ವನಿ ಮೊದಲ ಅರ್ಧ ಗಂಟೆ ಅಳತೆ ಮೀರಿ ಏರಿತು, ಆಮೇಲೆ ತಾನೇ ಒಂದು ಹದಕ್ಕೆ ಬಂತು. ಕೂಗಬೇಕಾದ ಕಡೆ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳ್ತಿದ್ದರು. ಹಾಗೆ ಹೇಳಿದಾಗ ದುರ್ಯೋಧನ ಇನ್ನೂ ಹೆಚ್ಚು ಹಟಮಾರಿ ಥರ ಕಾಣ್ತಿದ್ದ. ಒಂದು ವೃತ್ತಕ್ಕೆ “ಒನ್ಸ್ ಮೋರ್” ಅಂತ ಕೂಗು ಬಂತು. ಹೆಂಗಸರ ಕಡೆಯಿಂದ ಅವ್ವ ಎದ್ದು ನಿಂತು ಬೇಡ ಬೇಡ ಅಂತ ಕೈ ಆಡಿಸಿದರು. ಅಪ್ಪ ನೋಡಿಯೂ ನೋಡದ ಹಾಗೆ ಇನ್ನೊಮ್ಮೆ ಹಾಡಿದರು. ಪೊಲೀಸಪ್ಪ ನೂರು ರೂಪಾಯಿ ಮುಯ್ಯಿ ಕೊಟ್ಟರು. ನಿಜವಾಗ್ಲೂ.

ಮೂರೂವರೆಗೆ ಆಗಬಾರದ್ದು ಆಯ್ತು. ಕರ್ಣ ಸತ್ತ ಮೇಲೆ ದುರ್ಯೋಧನನ ದುಃಖದ ಪದ್ಯ. ಎರಡನೇ ಸಾಲಿಗೆ ಅಪ್ಪನ ಗಂಟಲು ಕಟ್ಟಿತು. ಬಾಯಿ ಆಡ್ತಿತ್ತು, ಸ್ವರ ಇಲ್ಲ. ಕೈ ಎದೆ ಮೇಲಿತ್ತು. ಅದು ಅಭಿನಯವೋ ನಿಜವೋ ನನಗೆ ಗೊತ್ತಾಗಲಿಲ್ಲ. ಎದ್ದು ಅರ್ಧ ಸ್ಟೇಜ್ ಹತ್ತಿಬಿಟ್ಟಿದ್ದೆ. ಅಷ್ಟರಲ್ಲಿ ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸ್ವರ ಹಿಡಿದು ನಿಲ್ಲಿಸಿ, ಆ ಸಾಲನ್ನ ತಾವೇ ಹಾಡಿದರು, ಮುದಿ ಧ್ವನಿಯಲ್ಲಿ. ಮುಂದಿನ ಸಾಲು ಕರ್ಣನ ಹೆಣವೇ ಹಾಡಿತು, ಮಲಗಿದಲ್ಲೇ. ಜನ ನಗಲಿಲ್ಲ. ಮೂರನೇ ಸಾಲಿಗೆ ಅಪ್ಪ ಬಂದರು.

ವೈಶಂಪಾಯನ ಸರೋವರದ ಸೀನಿಗೆ ಬೆಳಗಿನ ಜಾವ ಆಗಿತ್ತು. ಭೀಮನ ಗದೆ ಏಟಿಗೆ ಅಪ್ಪ ಬಿದ್ದಾಗ ಐದೂಕಾಲು. ಪರದೆ ಬಿದ್ದ ತಕ್ಷಣ ಅವ್ವ ಮಾತ್ರೆ, ನೀರು ಹಿಡ್ಕೊಂಡು ನಿಂತಿದ್ದರು.

ಕ್ಲಾಸ್‌ರೂಮಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೀತಾ ಅಪ್ಪ ಕೇಳಿದರು. ಧ್ವನಿ ಪೂರ್ತಿ ಕೂತಿತ್ತು.

“ಬೆಂಗ್ಳೂರಲ್ಲಿ ಆ ಇಂಗ್ಲೆಂಡ್ ಹುಡುಗನ್ಗೆ ವೈರ್ ಕಿತ್ತಾಕಿದ್ರಂತಲ್ಲ. ಟೀವೀಲಿ ತೋರ್ಸಿದ್ರು. ಆಮೇಲ್ ಏನ್ ಮಾಡ್ದ?”

“ಹೋದ.”

“ಹಂಗೇ ಹಾಡ್ಬೈದಿತ್ತಲ್ಲ” ಅಂದರು, ಅಷ್ಟೇ ಸಹಜವಾಗಿ.

ಸೋಮವಾರ ಮೈಸೂರಿನಲ್ಲಿ ಡಾಕ್ಟ್ರಿಗೆ ತೋರಿಸಿದೆ. ಇಸಿಜಿ ಸರಿ ಇತ್ತು, ಬೈಗುಳ ಇಬ್ಬರಿಗೂ ಸಮನಾಗಿ ಸಿಕ್ಕಿತು. ಬ್ಯಾರನ್ ಗೋಡೆಗೆ ಮೇಸ್ತ್ರಿಯನ್ನ ಕರೆಸಿ, ಅಪ್ಪನಿಗೆ ತಿಳಿಯದ ಹಾಗೆ ಅಡ್ವಾನ್ಸ್ ಕೊಟ್ಟು ಬಂದೆ. ಆ ದೆಹಲಿ ಗೆಳೆಯನಿಗೆ ಎಲ್ಲ ಹೇಳಿದ್ದೇನೆ, ಮುಂದಿನ ವರ್ಷ ಚಾಪೆ ತಗೊಂಡು ಬರ್ತಾನಂತೆ.

ಬುಧವಾರ ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ನಾಟಕದ ಸುದ್ದಿ ಬಂತು. ಚಿರತೆ ಸೆರೆ ಸುದ್ದಿಯ ಕೆಳಗೆ, ಫೋಟೊ ಸಮೇತ. ಫೋಟೊದಲ್ಲಿ ಗದೆ ಹಿಡಿದು ನಿಂತವರು ಅಪ್ಪನೇ. ಕೆಳಗಿನ ಸಾಲಿನಲ್ಲಿ ಮಾತ್ರ ಪಾತ್ರದ ಹೆಸರು ದುಶ್ಶಾಸನ ಅಂತ ಅಚ್ಚಾಗಿದೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಿಲ್ಲವಂತೆ. ನಿನ್ನೆ ಫೋನ್ ಮಾಡಿ, “ನೀನ್ ಓದ್ದೋನಲ್ವಾ, ಎಲ್ಲಾದ್ರೂ ಬರ್ದು ಸರಿ ಮಾಡ್ಸು” ಅಂದರು. ಅದಕ್ಕೇ ಇಷ್ಟು ಬರೆದೆ. ಅವತ್ತು ರಾತ್ರಿ ನಮ್ಮೂರಿನ ಸ್ಕೂಲ್ ಮೈದಾನದಲ್ಲಿ ನಮ್ಮಪ್ಪ ಮಾಡಿದ್ದು ದುರ್ಯೋಧನನ ಪಾತ್ರ.