ಸೀಸದ ಗುಡ್ಡದ ಪುಸ್ತಕಭಂಡಾರ

ಸ್ಕಾಟ್ಲೆಂಡಿನ ದಕ್ಷಿಣ ಭಾಗದಲ್ಲಿ, ಲನಾರ್ಕ್ ಪ್ರಾಂತದ ಅಂಚಿಗೆ, ಲೌಥರ್ ಎಂಬ ಬೋಳುಗುಡ್ಡಗಳ ನಡುವೆ ಲೀಡ್‌ಹಿಲ್ಸ್ ಎಂಬ ಪುಟ್ಟ ಊರೊಂದಿದೆ. ಆ ಹೆಸರಿಗೆ ಸೀಸದ ಗುಡ್ಡಗಳೆಂದೇ ಅರ್ಥ. ಊರು ಸಮುದ್ರಮಟ್ಟದಿಂದ ಸುಮಾರು ೧೩೦೦ ಅಡಿ ಎತ್ತರದಲ್ಲಿದೆ; ಆ ದೇಶದಲ್ಲಿ ಇದಕ್ಕಿಂತಲೂ ಮೇಲಿರುವ ಹಳ್ಳಿ ನೆರೆಯ ವಾನ್ಲಾಕ್‌ಹೆಡ್ ಒಂದೇ. ಗಾಳಿ, ಮಂಜು, ಹಿಮ ಇವುಗಳಿಗೆ ಅಲ್ಲಿ ಬರಗಾಲವಿಲ್ಲ. ಧಾನ್ಯ ಬೆಳೆಯುವುದು ಮಾತ್ರ ದುಸ್ತರ. ಭೂಮಿಯ ಮೇಲೆ ಏನೂ ಇಲ್ಲದ ಇಂಥ ಸ್ಥಳಕ್ಕೆ ಜನರು ಬಂದು ನೆಲಸಿದುದು ಭೂಮಿಯ ಒಳಗಿದ್ದುದಕ್ಕಾಗಿ. ಹದಿನಾರನೆಯ ಶತಮಾನದಲ್ಲಿ ಇಲ್ಲಿಯ ತೊರೆಗಳ ಮರಳಿನಲ್ಲಿ ಚಿನ್ನ ಸಿಕ್ಕುತ್ತಿತ್ತು. ೧೫೪೦ರಲ್ಲಿ ಐದನೆಯ ಜೇಮ್ಸ್ ದೊರೆಯು ಹೊಸದಾಗಿ ಮಾಡಿಸಿಕೊಂಡ ಕಿರೀಟಕ್ಕೆ ಈ ಸೀಮೆಯ ಚಿನ್ನವೂ ಸೇರಿತೆಂದು ಪ್ರತೀತಿ. ಚಿನ್ನವೇನೋ ಅರಸರ ತಲೆಗೇರಿತು. ಊರಿಗೆ ಅನ್ನವಿಕ್ಕಿದ್ದು ಸೀಸ.

ಈ ಅನ್ನವಾದರೂ ಸುಲಭವಾಗಿ ದೊರೆಯತಕ್ಕದ್ದಾಗಿರಲಿಲ್ಲ. ಗಣಿಗಾರರು ತಂಡ ಕಟ್ಟಿಕೊಂಡು ಕಂಪೆನಿಯೊಡನೆ ಕರಾರು ಮಾಡಿಕೊಳ್ಳುತ್ತಿದ್ದರು: ಬಂಡೆಯಲ್ಲಿ ಇಷ್ಟು ಮಾರು ಸುರಂಗ ಕೊರೆದರೆ ಇಷ್ಟು, ಅಥವಾ ಇಷ್ಟು ತೂಕದ ಅದುರು ತೆಗೆದರೆ ಇಷ್ಟು ಎಂದು. ಸೀಸದ ಎಳೆ ಒಳ್ಳೆಯದು ದೊರೆತರೆ ಲಾಭ. ಬರಿಯ ಕಲ್ಲೇ ಸಿಕ್ಕಿದರೆ ಬೆವರು ವ್ಯರ್ಥ. ಲೆಕ್ಕ ತೀರುವುದು ಬಹುಕಾಲದ ಮೇಲೆ. ಅಲ್ಲಿಯವರೆಗೆ ಮುಂಗಡದಿಂದ ಸಂಸಾರ ಸಾಗಬೇಕು. ಇನ್ನು ಅದುರನ್ನು ಕರಗಿಸುವ ಕುಲುಮೆಗಳ ಹೊಗೆಯೋ ವಿಷ. ಅದರಿಂದ ಬರುವ ರೋಗಕ್ಕೆ ಆ ಊರಿನವರ ಬಾಯಲ್ಲಿ ಒಂದು ಪ್ರತ್ಯೇಕವಾದ ಹೆಸರೇ ಇತ್ತು. ಹೊಗೆ ಕವಿದ ಹುಲ್ಲನ್ನು ಮೇದ ದನಗಳೂ ಬದುಕುತ್ತಿರಲಿಲ್ಲ.

ಇಂಥ ಊರಿಗೆ ೧೭೩೦ರ ದಶಕದ ನಡುವಿನಲ್ಲಿ ಸ್ಕಾಟ್ಸ್ ಮೈನಿಂಗ್ ಕಂಪೆನಿಯ ಕಾರ್ಯಭಾರಿಯಾಗಿ ಬಂದವನು ಜೇಮ್ಸ್ ಸ್ಟರ್ಲಿಂಗ್. ಉನ್ನತ ಗಣಿತವನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ಅವನ ಹೆಸರಿನ ಸೂತ್ರವೊಂದು ಇಂದಿಗೂ ಪಾಠಪುಸ್ತಕಗಳಲ್ಲಿದೆ. ನ್ಯೂಟನ್ನನ ಪರಿಚಯವಿದ್ದ ಆ ವಿದ್ವಾಂಸನು ಅಂಕೆಗಳ ಅನಂತಶ್ರೇಣಿಗಳನ್ನು ಬಿಟ್ಟು ಸೀಸದ ತೂಕದ ಲೆಕ್ಕಕ್ಕೆ ಇಳಿದನು. ಆದರೆ ಅವನ ಆಡಳಿತವು ಬರಿಯ ಲೆಕ್ಕದ ಆಡಳಿತವಾಗಿರಲಿಲ್ಲ. ಗಣಿಯೊಳಗಿನ ದುಡಿಮೆ ದಿನಕ್ಕೆ ಆರು ಗಂಟೆಗಳೆಂದಾಯಿತು. ಮನೆ ಕಟ್ಟಿಕೊಳ್ಳುವುದಕ್ಕೂ ಗುಡ್ಡದ ಒಂದು ತುಂಡನ್ನು ಹದಮಾಡಿ ಬೆಳೆ ತೆಗೆಯುವುದಕ್ಕೂ ಗಣಿಗಾರರಿಗೆ ಅವಕಾಶ ದೊರೆಯಿತು. ಇದರಲ್ಲಿ ದಯೆ ಎಷ್ಟು, ವ್ಯವಹಾರಜ್ಞಾನ ಎಷ್ಟು ಎಂದು ತೂಗಿ ನೋಡುವುದು ಕಷ್ಟ. ಕುಡಿದು ಜಗಳವಾಡುವ ಕೆಲಸಗಾರನಿಗಿಂತ ತೋಟ ಕಾಯುವ ಕೆಲಸಗಾರನು ಕಂಪೆನಿಗೆ ಮೇಲಲ್ಲವೆ?

ಏನೇ ಇರಲಿ, ಬಿಡುವನ್ನು ಕೊಟ್ಟದ್ದು ಕಂಪೆನಿ. ಬಿಡುವಿನಿಂದ ಏನು ಮಾಡಿಕೊಂಡರೆಂಬುದು ಗಣಿಗಾರರ ಸ್ವಂತ ಸಂಗತಿ. ೧೭೪೧ನೆಯ ನವೆಂಬರ್ ತಿಂಗಳಲ್ಲಿ ೨೩ ಮಂದಿ ಸೇರಿ ಒಂದು ವಾಚಕಸಂಘವನ್ನು ಸ್ಥಾಪಿಸಿದರು. ಅವರಲ್ಲೊಬ್ಬನು ಪಾದ್ರಿ, ಒಬ್ಬನು ಉಪಾಧ್ಯಾಯ. ಉಳಿದ ೨೧ ಮಂದಿಯೂ ಗಣಿಯಲ್ಲಿ ಕಲ್ಲು ಒಡೆಯತಕ್ಕವರು. ಬ್ರಿಟನ್ನಿನಲ್ಲಿ ಕೂಲಿಕಾರರು ಚಂದಾ ಕೂಡಿಸಿ ಕಟ್ಟಿದ ಪುಸ್ತಕಭಂಡಾರಗಳಲ್ಲಿ ಇದೇ ಮೊದಲನೆಯದು. ಪ್ರವೇಶಕ್ಕೆ ಹಣ, ವರ್ಷಕ್ಕೆ ಚಂದಾ, ಪುಸ್ತಕಗಳ ಆಯ್ಕೆಗೆ ಸದಸ್ಯರ ಸಭೆ, ಎಲ್ಲಕ್ಕೂ ಬರೆದಿಟ್ಟ ನಿಯಮಾವಳಿ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ದೇಶ ಸುತ್ತಲು ಕಾಸಿಲ್ಲದವರು ಅರ್ಧ ಗಾದೆಯನ್ನಾದರೂ ನಡೆಸಿದರೆನ್ನಬೇಕು. ಕೊಂಡ ಗ್ರಂಥಗಳಲ್ಲಿ ಧರ್ಮೋಪದೇಶಗಳೇ ಹೆಚ್ಚು. ಅವುಗಳ ಜೊತೆಗೆ ಚರಿತ್ರೆ, ಪ್ರವಾಸಕಥನ, ಪ್ರಕೃತಿವಿಜ್ಞಾನಗಳೂ ಇದ್ದುವು. ಆ ಮೊದಲ ಪಟ್ಟಿಯಲ್ಲಿ ಹೆಂಗಸರ ಹೆಸರು ಒಂದೂ ಇಲ್ಲವೆಂಬುದನ್ನು ಮರೆಯಲಾಗದು.

ನೆರೆಯ ವಾನ್ಲಾಕ್‌ಹೆಡ್ಡಿನವರು ಸುಮ್ಮನಿರುವರೆ? ೧೭೫೬ರಲ್ಲಿ ಅವರೂ ತಮ್ಮದೊಂದು ಭಂಡಾರವನ್ನು ತೆರೆದರು.

೧೮೦೩ನೆಯ ಆಗಸ್ಟಿನಲ್ಲಿ ವರ್ಡ್ಸ್‌ವರ್ತ್ ಕವಿಯೂ ಅವನ ತಂಗಿ ಡೊರೊತಿಯೂ ಕೋಲ್‌ರಿಜ್ಜನೊಡನೆ ಈ ದಾರಿಯಾಗಿ ಹೋದರು. ಡೊರೊತಿಯು ತನ್ನ ಪ್ರವಾಸದ ಬರಹದಲ್ಲಿ ಈ ಗುಡ್ಡಗಳ ವಿಷಯವನ್ನು ವಿಸ್ತಾರವಾಗಿಯೇ ಹೇಳಿದ್ದಾಳೆ. ದಾರಿಯಲ್ಲಿ ಕಂಡ ಹುಡುಗರು ಟೋಪಿಗೆ ಹೂಬಳ್ಳಿ ಸಿಕ್ಕಿಸಿಕೊಂಡಿದ್ದರು. ಮಾತನಾಡಿಸಿದಾಗ, ಶಾಲೆಯಲ್ಲಿ ವರ್ಜಿಲ್, ಹೋಮರ್ ಕವಿಗಳನ್ನು ಓದುವ ಮಾತು ಬಂತು. ಮುಂದೆ ಲೀಡ್‌ಹಿಲ್ಸಿನಲ್ಲಿ ಪುಸ್ತಕಭಂಡಾರದ ವಿಚಾರ ತಿಳಿದು, ಷೇಕ್ಸ್‌ಪಿಯರನೂ ಇದ್ದಾನೆಯೆ ಎಂದು ಅತಿಥಿಗಳು ವಿಸ್ಮಯದಿಂದ ಕೇಳಿದರಂತೆ. ಇದ್ದಾನೆಂದು ಊರಿನವನು ಸಹಜವಾಗಿ ಉತ್ತರವಿತ್ತನು. ಆ ವಿಸ್ಮಯಕ್ಕಿಂತ ಈ ಸಹಜತೆಯೇ ಸೊಗಸು.

ಊರಿನ ಮಕ್ಕಳಲ್ಲಿ ಇಬ್ಬರು ಹೊರಗೆ ಹೆಸರು ಪಡೆದರು. ೧೭೬೪ರಲ್ಲಿ ಹುಟ್ಟಿದ ವಿಲಿಯಂ ಸೈಮಿಂಗ್ಟನ್ ಹಬೆಯಂತ್ರವನ್ನು ದೋಣಿಗೆ ಹೂಡಿದನು. ಅವನ ಷಾರ್ಲಟ್ ಡಂಡಾಸ್ ಎಂಬ ನೌಕೆಯು ೧೮೦೩ರಲ್ಲಿ ಕಾಲುವೆಯಲ್ಲಿ ಎರಡು ಸರಕಿನ ದೋಣಿಗಳನ್ನು ಎಳೆದು ತೋರಿಸಿತು. ಆದರೂ ಅವನು ಲಂಡನ್ನಿನಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಮತ್ತೊಬ್ಬನು ಅವನಿಗಿಂತ ಹಿಂದಿನವನಾದ ಅಲನ್ ರಾಮ್ಸೆ ಕವಿ. ಇವನು ಎಳೆಯತನದಲ್ಲಿಯೇ ಊರು ಬಿಟ್ಟು ಎಡಿನ್‌ಬರೋ ಸೇರಿ, ಕೃತಕ ಕೇಶಗಳನ್ನು ಕಟ್ಟುವ ಕೆಲಸ ಕಲಿತು, ಅನಂತರ ಪುಸ್ತಕವ್ಯಾಪಾರಿಯಾಗಿ, ೧೭೨೫ರಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯನ್ನಿಟ್ಟನು. ಗಣಿಗಾರರ ಭಂಡಾರಕ್ಕೆ ಮುಂದೆ ಅಂಟಿಕೊಂಡುದು ಈ ಕವಿಯ ಹೆಸರೇ. ಕಟ್ಟಡದ ಮೇಲೆ ಹೆಸರು ಹಾಕಬೇಕಾದಾಗ ೨೧ ಮಂದಿ ಕಲ್ಲುಕುಟಿಗರಿಗಿಂತ ಒಬ್ಬ ಕವಿ ಅನುಕೂಲವಾಗಿ ಕಂಡನೆಂದು ತೋರುತ್ತದೆ.

೧೯೦೧ರಲ್ಲಿ ಊರಿಗೆ ರೈಲು ಬಂತು. ೧೯೩೦ರ ದಶಕದ ಕೊನೆಗೆ ನಿಂತೂ ಹೋಯಿತು. ಅದಕ್ಕೂ ಮೊದಲೇ, ೧೯೨೦ರ ದಶಕ ಮುಗಿಯುವ ಹೊತ್ತಿಗೆ, ಗಣಿಗಳು ಮುಚ್ಚಿದ್ದುವು. ಪಾಳಿಯ ಹೊತ್ತನ್ನೂ ಅಪಘಾತವನ್ನೂ ಸಾರುತ್ತಿದ್ದ ೧೭೭೦ರ ಗಂಟೆಗೆ ಕೆಲಸ ತಪ್ಪಿತು. ಜನ ಚದರಿದರು, ಭಂಡಾರವೂ ಕೆಲವು ಕಾಲ ಬಾಗಿಲು ಹಾಕಿತ್ತು. ೧೯೭೦ರ ದಶಕದ ಮೊದಲಲ್ಲಿ ಅದನ್ನು ದುರಸ್ತಿಮಾಡಿ ಮತ್ತೆ ತೆರೆದರು. ಸುಮಾರು ೨೫೦೦ ಪುಸ್ತಕಗಳು ಅಲ್ಲಿ ಉಳಿದಿವೆ. ಅವುಗಳ ಜೊತೆಗೆ ಹಳೆಯ ಗಣಿಕರಾರುಗಳ ಪುಸ್ತಕಗಳೂ ಈಗ ಸಂಘದ ವಶದಲ್ಲಿವೆ. ಯಾವ ತಂಡ ಎಷ್ಟು ಮಾರು ಬಂಡೆಯನ್ನು ಯಾವ ದರಕ್ಕೆ ಕೊರೆಯಲು ಒಪ್ಪಿತೆಂಬುದೆಲ್ಲ ಅವುಗಳಲ್ಲಿ ಬರೆದಿದೆ.